ಶರತ್ಕಾಲದ ಋಣಗಳು

ಮಳೆ ನಿಂತ ಮೇಲಿನ ದಿನಗಳಿಗೆ ಮುಂಬಯಿಯ ಜನ ಇಟ್ಟಿರುವ ಹೆಸರು ‘ಅಕ್ಟೋಬರ್ ಹೀಟ್’. ಕೊಡೆಯನ್ನು ಮಡಿಚಿ ಅಟ್ಟದ ಮೇಲಿಟ್ಟು, ಬೆವರೊರೆಸಿಕೊಳ್ಳುತ್ತ ಲೋಕಲ್ ಗಾಡಿ ಹತ್ತುವ ನಮಗೆ, ಪಂಚಾಂಗದಲ್ಲಿ ಇದೇ ಕಾಲಕ್ಕೆ ಶರದೃತು ಎಂಬ ಚೆಲುವಾದ ಹೆಸರಿರುವುದು ಎಷ್ಟೋ ಸಲ ಮರೆತೇ ಹೋಗಿರುತ್ತದೆ. ಇಂಗ್ಲಿಷ್ ಪಾಠಪುಸ್ತಕ ಓದುವ ನಮ್ಮ ಮಕ್ಕಳಿಗಂತೂ ಶರತ್ಕಾಲವೆಂದರೆ ಎಲೆ ಕೆಂಪಾಗಿ ಉದುರುವ ಕಾಲ. ನಮ್ಮ ನಾಡಿನ ಶರತ್ತು ಹಾಗಲ್ಲ. ಆಶ್ವಯುಜ, ಕಾರ್ತಿಕ ಎರಡೂ ತುಂಬಿದ ತಿಂಗಳುಗಳು. ಹೊಳೆಯ ಕೆನ್ನೀರು ತಿಳಿಯಾಗುತ್ತದೆ. ಹಾದಿಯ ಕೆಸರು ಒಣಗಿ ಬಂಡಿ ಹೂಡಬಹುದಾಗುತ್ತದೆ. ಮಲೆನಾಡಿನಲ್ಲಿ ಭತ್ತ ಹೊಡೆ ಬಿಡುತ್ತದೆ. ಬಯಲುಸೀಮೆಯಲ್ಲಿ ಹಿಂಗಾರಿ ಜೋಳದ ಬಿತ್ತನೆ ಸಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ನಿಂತಲ್ಲಿ ನಿಂತಿದ್ದ ಬದುಕು ಮತ್ತೆ ಕಾಲು ಕೀಳುವ ಹೊತ್ತು ಅದು.

ಈ ಹೊತ್ತಿಗೇ ನಮ್ಮ ಹಿರಿಯರು ಹಬ್ಬಗಳನ್ನು ಸಾಲಾಗಿ ಪೋಣಿಸಿದ್ದಾರೆ. ಪಿತೃಪಕ್ಷ, ನವರಾತ್ರಿ, ಆಯುಧಪೂಜೆ, ಬನ್ನಿ, ಸೀಗಿ ಹುಣ್ಣಿಮೆ, ಕಾವೇರಿ ಸಂಕ್ರಮಣ, ದೀಪಾವಳಿ. ಇವನ್ನು ಬಿಡಿಬಿಡಿಯಾಗಿ ಆಚರಿಸುವ ನಾವು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಅಪರೂಪ. ಹಾಗೆ ನೋಡಿದರೆ ಎಲ್ಲದರಲ್ಲೂ ಒಂದು ಎಳೆ ಹಾದುಹೋಗಿರುವುದು ಕಾಣುತ್ತದೆ. ಅದಕ್ಕೆ ಕನ್ನಡದಲ್ಲಿ ಋಣ ಎಂದು ಹೆಸರು. ನಮ್ಮ ಹಳ್ಳಿಯ ಆಡುಮಾತಿನಲ್ಲಿ ‘ಥ್ಯಾಂಕ್ಸ್’ ಎನ್ನುವುದಕ್ಕೆ ಒಂದು ಒಕ್ಕಣೆ ಇಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಒಕ್ಕಣೆ ಇಲ್ಲದಿರಬಹುದು, ಆದರೆ ಅನ್ನದ ಋಣ, ಉಪ್ಪಿನ ಋಣ, ನೀರಿನ ಋಣ, ಮಣ್ಣಿನ ಋಣ ಎಂದು ಲೆಕ್ಕವಿಟ್ಟ ಭಾಷೆ ನಮ್ಮದು. ಆ ಲೆಕ್ಕವನ್ನು ತೆರೆದು ನೋಡುವ ಋತುವೇ ಶರತ್ತು. ಇದಕ್ಕೆ ಇತಿಹಾಸದ ಸಾಕ್ಷಿ ಏನೆಂಬುದು ಈ ಲೇಖನದ ವಿಷಯ.

ವಿಷಯ ಆರಂಭವಾಗುವುದು ನಮ್ಮ ಹಂಪೆಯ ಪರಿಸರದಲ್ಲಿಯೇ. ಆನೆಗೊಂದಿಯ ಸುತ್ತಲಿನ ಬೆಟ್ಟಗಳೇ ಕಿಷ್ಕಿಂಧೆಯೆಂದೂ, ಹಂಪೆಯ ಬಳಿಯ ಮಾಲ್ಯವಂತ ಗುಡ್ಡದ ಮೇಲೆಯೇ ರಾಮಲಕ್ಷ್ಮಣರು ಮಳೆಗಾಲ ಕಳೆದರೆಂದೂ ಆ ಸೀಮೆಯ ಜನರ ನಂಬಿಕೆ. ಮಾಲ್ಯವಂತ ರಘುನಾಥನ ಗುಡಿ ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಮಳೆಗಾಲದ ವರ್ಣನೆ, ಅದರ ಹಿಂದೆಯೇ ಶರದೃತುವಿನ ವರ್ಣನೆ ಬರುತ್ತವೆ. ಎರಡರ ನಡುವೆ ಕಥೆ ಒಂದು ಇಕ್ಕಟ್ಟಿನಲ್ಲಿ ನಿಂತಿದೆ. ರಾಮನಿಂದ ರಾಜ್ಯವನ್ನೂ ಹೆಂಡತಿಯನ್ನೂ ಮರಳಿ ಪಡೆದ ಸುಗ್ರೀವ, ಮಳೆ ನಿಂತ ಕೂಡಲೇ ಸೀತೆಯನ್ನು ಹುಡುಕಿಸುವೆನೆಂದು ಮಾತು ಕೊಟ್ಟಿದ್ದ. ಮಳೆ ನಿಂತಿತು, ಆಕಾಶ ತಿಳಿಯಾಯಿತು, ದಾರಿ ತೆರೆಯಿತು. ಸುಗ್ರೀವ ಮಾತ್ರ ಅಂತಃಪುರದಿಂದ ಹೊರಬರಲಿಲ್ಲ. ಆಗ ಕೆರಳಿ ಬಂದ ಲಕ್ಷ್ಮಣ ಆಡುವ ಮಾತಿನ ಸಾರ ಇಷ್ಟು: ಗೋವನ್ನು ಕೊಂದವನಿಗೂ, ಕುಡುಕನಿಗೂ, ಕಳ್ಳನಿಗೂ, ವ್ರತ ಮುರಿದವನಿಗೂ ಪ್ರಾಯಶ್ಚಿತ್ತವನ್ನು ಬಲ್ಲವರು ಹೇಳಿದ್ದಾರೆ, ಮಾಡಿದ ಉಪಕಾರ ಮರೆತ ಕೃತಘ್ನನಿಗೆ ಮಾತ್ರ ಪ್ರಾಯಶ್ಚಿತ್ತವೇ ಇಲ್ಲ. ಶರತ್ತಿನ ಬೆಳದಿಂಗಳನ್ನು ಸವಿಯುತ್ತ ಬಂದ ಓದುಗನಿಗೆ ಈ ಮಾತು ಚುರುಕ್ಕೆನ್ನುತ್ತದೆ. ಋತು ಬದಲಾಯಿತೆಂದರೆ ಕೊಟ್ಟ ಮಾತಿನ ಗಡುವು ಮುಗಿಯಿತೆಂದೇ ಅಲ್ಲಿ ಅರ್ಥ.

ಇದೇ ನೆಲದ ಮೇಲೆ ಮುಂದೆ ವಿಜಯನಗರ ಎದ್ದಿತು. ಇದೇ ಋತುವಿನಲ್ಲಿ ಅದರ ದೊಡ್ಡ ಹಬ್ಬವಾದ ಮಹಾನವಮಿ ನಡೆಯಿತು. ಮಳೆ ಮುಗಿದೊಡನೆ ಅರಸ ಕುದುರೆ-ಆನೆಗಳನ್ನು ಪೂಜಿಸುವುದು ಬಹಳ ಹಳೆಯ ಪದ್ಧತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಶ್ವಶಾಲೆಯ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಆಶ್ವಯುಜದ ಒಂಬತ್ತನೆಯ ದಿನ ಕುದುರೆಗಳಿಗೆ ನೀರಾಜನ, ಅಂದರೆ ಆರತಿ, ಮಾಡಿಸಬೇಕೆಂಬ ವಿಧಿಯಿದೆ. ನಮ್ಮ ಆಯುಧಪೂಜೆಯೂ ಅದೇ ಒಂಬತ್ತನೆಯ ದಿನ! ಕಾಳಿದಾಸನ ರಘುವಂಶದ ನಾಲ್ಕನೆಯ ಸರ್ಗದಲ್ಲಿ ಹೊಳೆ ಇಳಿದು, ದಾರಿಯ ಕೆಸರು ಒಣಗಿದ ಶರತ್ಕಾಲದಲ್ಲಿ ರಘು ಕುದುರೆಗಳಿಗೆ ನೀರಾಜನ ಮಾಡಿಸಿಯೇ ದಿಗ್ವಿಜಯಕ್ಕೆ ಹೊರಡುತ್ತಾನೆ. ದೇವೀಮಾಹಾತ್ಮ್ಯೆಯೂ ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ನಡೆಯುವ ಮಹಾಪೂಜೆಯನ್ನು ಹೆಸರಿಸುತ್ತದೆ. ವಿಜಯನಗರದ ಅರಸರು ಈ ಎರಡು ಹೊಳೆಗಳನ್ನೂ ಒಂದೇ ಅಂಗಳಕ್ಕೆ ತಿರುಗಿಸಿದರು ಎನ್ನಬೇಕು.

ಆ ಅಂಗಳವನ್ನು ಕಣ್ಣಾರೆ ಕಂಡವರು ಬರೆದಿಟ್ಟಿರುವುದು ನಮ್ಮ ಭಾಗ್ಯ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದು, ಅಲೆಯೆದ್ದ ಸಮುದ್ರದಂತೆ ಕಾಣುವ ಸಾವಿರ ಆನೆಗಳ ಮಾತನ್ನಾಡುತ್ತಾನೆ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸರವ ಡೊಮಿಂಗೊ ಪಾಯೆಸ್, ತಾನು ಕಂಡ ಹಬ್ಬ ಸೆಪ್ಟೆಂಬರ್ 12ಕ್ಕೆ ಆರಂಭವಾಗಿ ಒಂಬತ್ತು ದಿನ ನಡೆಯಿತೆನ್ನುತ್ತಾನೆ. ಅರಸ ಕುಳಿತು ನೋಡುವ ಎತ್ತರದ ಕಟ್ಟಡವನ್ನು ಆತ ‘ವಿಜಯದ ಮನೆ’ ಎಂದು ಕರೆದು, ಒರಿಸ್ಸಾ ಯುದ್ಧದಿಂದ ಮರಳಿದ ಮೇಲೆ ಕಟ್ಟಿಸಿದ್ದೆಂದು ಹೇಳುತ್ತಾನೆ. ಅದೇ ಇಂದಿನ ಮಹಾನವಮಿ ದಿಬ್ಬವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕೆಳಗಿನ ಹಂತಗಳು ಕೃಷ್ಣದೇವರಾಯನಿಗಿಂತ ಹಳೆಯವು. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋಗುವವರು ಆ ದಿಬ್ಬವನ್ನು ಹತ್ತಿ ಇಳಿದು ಫೋಟೋ ತೆಗೆಸಿಕೊಂಡು ಬಂದುಬಿಡುತ್ತಾರೆ. ಸುತ್ತ ಒಮ್ಮೆ ನಿಧಾನವಾಗಿ ನಡೆಯಬೇಕು. ಆನೆ, ಕುದುರೆ, ಒಂಟೆ, ಬೇಟೆಗಾರರು, ಕುಣಿಯುವ ಹೆಂಗಸರು, ಟೋಪಿಯಿಟ್ಟ ಪರದೇಶದ ಜನ, ಎಲ್ಲರೂ ಕಲ್ಲಿನಲ್ಲಿ ಸಾಲುಗಟ್ಟಿ ಸಾಗುತ್ತಿದ್ದಾರೆ.

ಪಾಯೆಸನ ಬರಹದಲ್ಲಿ ಎದ್ದು ಕಾಣುವುದು ಚಿನ್ನ, ವಜ್ರ, ಪಂಜುಗಳು, ಕುಸ್ತಿ, ಕುಣಿತ, ಲೆಕ್ಕವಿಲ್ಲದ ಕೋಣ-ಕುರಿಗಳ ಬಲಿ. ಆದರೆ ನಡುವೆ ಒಂದು ಸಣ್ಣ ಚಿತ್ರವಿದೆ. ಸಿಂಗರಿಸಿದ ಅರಮನೆಯ ಕುದುರೆಗಳು ಬಂದು ಸಾಲಾಗಿ ನಿಲ್ಲುತ್ತವೆ. ಮುಖ್ಯ ಪುರೋಹಿತ ತೆಂಗಿನಕಾಯಿ, ಅಕ್ಕಿ, ಹೂವು, ನೀರಿನ ಪಾತ್ರೆ ಹಿಡಿದು ಅವುಗಳ ಸುತ್ತ ಬಂದು ಪೂಜೆ ಮಾಡುತ್ತಾನೆ. ದೇಶವಿದೇಶದ ವೈಭವವೆಲ್ಲ ಕರಗಿದರೂ ಆ ಕಾಯಿ, ಅಕ್ಕಿ, ಹೂವು, ನೀರು ನಮ್ಮ ಮನೆಯ ತಟ್ಟೆಯಲ್ಲಿ ಹಾಗೆಯೇ ಉಳಿದಿವೆ. ಹಬ್ಬ ಮುಗಿದ ಮೇಲೆ ಊರ ಹೊರಗೆ ಸೈನ್ಯದ ಪ್ರದರ್ಶನ. ಅಲ್ಲಿ ಅರಸ ಮೂರು ಬಾಣ ಬಿಡುತ್ತಾನೆ: ಒಂದು ಆದಿಲ್‌ಶಾಹನ ಹೆಸರಿನಲ್ಲಿ, ಒಂದು ಕುತುಬ್‌ಶಾಹನ ಹೆಸರಿನಲ್ಲಿ, ಇನ್ನೊಂದು ಪೋರ್ಚುಗೀಸರ ಹೆಸರಿನಲ್ಲಿ. ಯಾವ ಬಾಣ ಹೆಚ್ಚು ದೂರ ಹೋಯಿತೋ ಆ ರಾಜ್ಯದ ಮೇಲೆ ಆ ವರ್ಷದ ದಂಡು. ತಮ್ಮ ಹೆಸರಿನ ಬಾಣವನ್ನೂ ನೋಡುತ್ತ ನಿಂತ ಪಾಯೆಸನ ಎದೆ ಏನೆಂದಿತೋ!

ಆದರೆ ನಮ್ಮ ವಿಷಯಕ್ಕೆ ಪಾಯೆಸನಿಗಿಂತ ಮುಖ್ಯ ಸಾಕ್ಷಿಯೆಂದರೆ ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ಬರೆದ ಫೆರ್ನಾವೊ ನೂನಿಜ್. ಈ ಒಂಬತ್ತು ದಿನದ ಹಬ್ಬ ಏಕೆಂದು ಆತ ಜನರನ್ನು ಕೇಳಿದಂತಿದೆ. ಎರಡು ಉತ್ತರ ದೊರೆತವು. ಮಾತೆ ಒಂಬತ್ತು ತಿಂಗಳು ಮಗನನ್ನು ಹೊಟ್ಟೆಯಲ್ಲಿ ಹೊತ್ತ ನೆನಪಿಗಾಗಿ ಎಂದರು ಕೆಲವರು. ಆ ಮಾತೆಯನ್ನು ನೂನಿಜ್ ತನ್ನ ಮೇರಿಮಾತೆಯೆಂದೇ ಬರೆದುಕೊಂಡ. ಅದೇನೂ ಅಲ್ಲ, ನಾಯಕರೆಲ್ಲ ಅರಸನಿಗೆ ಕಂದಾಯ ಸಲ್ಲಿಸಲು ಬರುವ ಕಾಲ ಇದಾದ್ದರಿಂದ ಹಬ್ಬ ಎಂದರು ಇನ್ನು ಕೆಲವರು. ಪೋರ್ಚುಗೀಸ್ ಭಾಷೆಯಲ್ಲಿ ಉಳಿದಿದ್ದ ಈ ಎರಡು ಬರಹಗಳು 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸಿವೆಲ್ಲನ ‘ಮರೆತುಹೋದ ಸಾಮ್ರಾಜ್ಯ’ ಗ್ರಂಥದ ಮೂಲಕ ಇಂಗ್ಲಿಷಿಗೆ ಬಂದವು. ಅಂದಿನಿಂದ ನಮ್ಮವರು ಅವುಗಳಲ್ಲಿ ಮುತ್ತುರತ್ನಗಳನ್ನೇ ಹೆಕ್ಕುತ್ತ ಬಂದಿದ್ದಾರೆ. ನೂನಿಜನ ಈ ಎರಡು ಸಾಲು ಆ ಮುತ್ತುರತ್ನಗಳಿಗಿಂತ ಬೆಲೆಯುಳ್ಳದ್ದೆಂದು ನನ್ನ ಎಣಿಕೆ. ತಾಯಿಯ ಋಣ, ಅರಸನ ಋಣ ಎರಡನ್ನೂ ಒಂದೇ ಹಬ್ಬಕ್ಕೆ ಕಾರಣವೆಂದು ಅಂದಿನ ಜನ ತಿಳಿದಿದ್ದರಲ್ಲ!

ಅರಮನೆಯ ಮುಂದೆ ಒಂಬತ್ತು ಮಂದಿ ದೊಡ್ಡ ನಾಯಕರು ಒಂಬತ್ತು ಮಂಟಪಗಳನ್ನು ನಿಲ್ಲಿಸುತ್ತಿದ್ದರಂತೆ. ಆ ಮಂಟಪದ ಹಣ ಎಲ್ಲಿಂದ ಬಂತು? ಅದನ್ನೂ ನೂನಿಜನೇ ಹೇಳುತ್ತಾನೆ. ನೆಲವೆಲ್ಲ ಅರಸನದು, ಅರಸನಿಂದ ನಾಯಕರಿಗೆ, ನಾಯಕರಿಂದ ಒಕ್ಕಲಿಗೆ, ಒಕ್ಕಲು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ತೆರಬೇಕು ಎಂದು. ಈ ಅಂಕೆಯನ್ನು ಅಕ್ಷರಶಃ ನಂಬದ ಇತಿಹಾಸಕಾರರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೂ ತೆರಿಗೆ ಹಗುರವಾಗಿರಲಿಲ್ಲ ಎಂಬುದಕ್ಕೆ ಬೇರೆ ಆಧಾರವುಂಟು. ಇದೇ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1429ರಲ್ಲಿ, ತಮಿಳು ಸೀಮೆಯ ಎಡಗೈ ಬಲಗೈ ಪಂಗಡಗಳ ಜನ ಒಟ್ಟುಗೂಡಿ, ಇಂತಿಂಥ ತೆರಿಗೆಯನ್ನು ಇಷ್ಟೇ ಕೊಡುವೆವೆಂದು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದರು. ಮಹಾನವಮಿಯ ವೈಭವವನ್ನು ನೆನೆದು ಎದೆಯುಬ್ಬಿಸುವಾಗ ಈ ಕಲ್ಲುಗಳನ್ನೂ ನೆನೆಯುವುದು ನ್ಯಾಯ. ಋಣವೆಂಬುದು ಕೆಳಗಿನವನು ಮೇಲಿನವನಿಗೆ ತೆರುವ ಕಪ್ಪ ಮಾತ್ರವೆಂದಾದರೆ ಅದಕ್ಕೆ ಹಬ್ಬದ ಹೆಸರು ಒಪ್ಪುವುದಿಲ್ಲ.

1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಯುದ್ಧವಾಯಿತು. ದಿಬ್ಬದ ಮೇಲಿದ್ದಿರಬೇಕಾದ ಮರದ ಮಂಟಪ ಅಳಿದು ಬರಿಯ ಕಲ್ಲು ಉಳಿಯಿತು. ಹಬ್ಬ ಅಲ್ಲಿಂದ ಎದ್ದು ಬೇರೆ ಬೇರೆ ಊರುಗಳಿಗೆ ಹೋಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದು ಅದೇ ವರ್ಷ ಅಲ್ಲಿ ನವರಾತ್ರಿಯನ್ನು ನಡೆಸಿದರು. ಮುಂದೆ ಅದು ಮೈಸೂರಿಗೆ ಬಂದದ್ದು, ಅಂಬಾರಿ, ಜಂಬೂಸವಾರಿ, ಇವೆಲ್ಲ ನಮ್ಮ ವಾಚಕರಿಗೆ ತಿಳಿದ ಸಂಗತಿಗಳೇ. 1971ರಲ್ಲಿ ರಾಜಧನ ರದ್ದಾದ ಬಳಿಕ ಅರಸರು ಕೂರುತ್ತಿದ್ದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಂದು ಕುಳಿತಿತು. ಅರಸನಿಗೆ ಸಲ್ಲುತ್ತಿದ್ದ ನಮಸ್ಕಾರ ತಾಯಿಗೆ ಸಂದಿತು. ನೂನಿಜನಿಗೆ ಮೊದಲ ಉತ್ತರ ಹೇಳಿದವರು ಕೊನೆಗೆ ಗೆದ್ದರು ಎನ್ನಬಹುದೇನೋ.

ಇದು ದರ್ಬಾರಿನ ಕಥೆಯಾಯಿತು. ಮನೆಯ ಕಥೆ ಬೇರೆಯೇ ಇದೆ, ಅದು ಯಾವ ಯುದ್ಧದಲ್ಲೂ ಮುರಿಯಲಿಲ್ಲ. ಭಾದ್ರಪದದ ಕೃಷ್ಣಪಕ್ಷದಲ್ಲಿ ಮೊದಲು ಸಲ್ಲುವುದು ಹಿರಿಯರ ಪಾಲು. ಕೆಲವರಿಗೆ ಅದು ಪಕ್ಷ, ಕೆಲವರಿಗೆ ಮಾಳದ ಅಮಾವಾಸ್ಯೆ, ಕೆಲವರಿಗೆ ಹಿರಿಯರ ಹಬ್ಬ. ಎಳ್ಳುನೀರು ಬಿಡುವ ಮನೆಯೂ ಉಂಟು, ಹೊಸ ಬಟ್ಟೆ ಇಟ್ಟು ಎಡೆ ಹಾಕುವ ಮನೆಯೂ ಉಂಟು. ಸತ್ತವರಿಗೆ ಸಲ್ಲಿಸಿದ ಮೇಲೆಯೇ ದೇವಿಯ ಕಲಶ. ಈ ಕ್ರಮ ತಪ್ಪುವುದಿಲ್ಲ.

ಆಮೇಲೆ ಆಯುಧಪೂಜೆ. ಅರಸನ ಕತ್ತಿಗೆ ಸಂದ ಪೂಜೆ ಒಕ್ಕಲಿಗನ ನೇಗಿಲು ಕುಡುಗೋಲಿಗೆ, ಅಂಗಡಿಯ ತಕ್ಕಡಿಗೆ, ನೇಕಾರನ ಮಗ್ಗಕ್ಕೆ, ಅಕ್ಕಸಾಲಿಗನ ಚಿಮಟಕ್ಕೆ ಯಾವಾಗ ಇಳಿಯಿತು, ಅಥವಾ ಇವುಗಳಿಗೆ ಮೊದಲಿನಿಂದಲೂ ಇದ್ದದ್ದು ಅರಸನ ಕತ್ತಿಗೆ ಏರಿತೋ, ಎರಡನೆಯದೇ ಸರಿಯೆಂದು ತೋರುತ್ತದೆ. ಮುಂಬಯಿಗೆ ಬಂದ ಕನ್ನಡಿಗ ಇದನ್ನು ಕೈಬಿಡಲಿಲ್ಲ. ಉಡುಪಿ ಹೋಟೆಲಿನ ಗ್ರೈಂಡರಿಗೂ ದೋಸೆಯ ಕಾವಲಿಗೂ ಅಂದು ಕುಂಕುಮ. ಟ್ಯಾಕ್ಸಿಯ ಮೂತಿಗೆ ಚೆಂಡುಹೂವಿನ ಮಾಲೆ, ಗಾಲಿಯಡಿಗೆ ನಿಂಬೆಹಣ್ಣು. ಮರಾಠಿ ಗೆಳೆಯರು ಇದನ್ನೇ ಖಂಡೇನವಮಿ ಎನ್ನುತ್ತಾರೆ. ಗಿರಣಿಗಳಲ್ಲಿ ಯಂತ್ರಗಳಿಗೆ ಪೂಜೆ ನಡೆಯುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಆ ವರ್ಷದ ನವಮಿ ಬಂದಾಗಲೂ ಮುಷ್ಕರ ಮುಗಿದಿರಲಿಲ್ಲ. ಅನೇಕ ಗಿರಣಿಗಳ ಮಗ್ಗಗಳು ಆಮೇಲೆ ತಿರುಗಲೇ ಇಲ್ಲ. ದುಡಿದವನು ಯಂತ್ರಕ್ಕೆ ವರ್ಷವರ್ಷವೂ ಋಣ ಸಲ್ಲಿಸಿದ್ದ. ದುಡಿದವನ ಋಣವನ್ನು ಯಾರು ಸಲ್ಲಿಸಬೇಕಿತ್ತು ಎಂಬ ಪ್ರಶ್ನೆ 1429ರ ಕಲ್ಲುಗಳ ಪಕ್ಕದಲ್ಲಿಡಬೇಕಾದದ್ದು.

ಇನ್ನು ಗುರುವಿನ ಋಣ. ಸರಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದುದು ಕೂಲಿಮಠ, ಐಗಳ ಮಠಗಳು. ಅಲ್ಲಿನ ಅಯ್ಯಗಳಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಮಹಾನವಮಿ ಬಂತೆಂದರೆ ಅಯ್ಯಗಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮನೆಮನೆಗೆ ಹೋಗುವರು; ಮಕ್ಕಳು ಚೌಪದಿ ಹಾಡುವರು; ಮನೆಯವರು ಅಕ್ಕಿ, ಕಾಯಿ, ಕಾಸು ಕೊಡುವರು. ಅಯ್ಯಗಳ ವರ್ಷದ ಬದುಕಿಗೆ ಅದೊಂದು ಆಸರೆ. ಕುಂದಾಪುರ, ಉಡುಪಿ ಕಡೆಯ ವಾಚಕರಿಗೆ ಇದರ ಒಡಹುಟ್ಟಾದ ‘ಹೂವಿನ ಕೋಲು’ ನೆನಪಿರಬಹುದು. ನವರಾತ್ರಿಯಲ್ಲಿ ಹೂ ಕಟ್ಟಿದ ಕೋಲು ಹಿಡಿದ ಹುಡುಗರು, ಭಾಗವತರು, ಮದ್ದಲೆಯವರು ಮನೆಗೆ ಬಂದು, ಚಾವಡಿಯಲ್ಲಿ ಎದುರುಬದುರು ಕುಳಿತು, ಯಕ್ಷಗಾನದ ಒಂದು ಪ್ರಸಂಗದ ತುಣುಕನ್ನು ಅರ್ಥ ಸಹಿತ ಆಡಿ ಮನೆಯವರಿಗೆ ಶುಭ ಕೋರಿ ಹೋಗುತ್ತಿದ್ದರು. ಅದರ ಬೇರು ಇರುವುದು ಇದೇ ಐಗಳ ಮಠದಲ್ಲಿ. ಮಠಗಳು ಹೋದವು, ಕೋಲು ಅಲ್ಲಲ್ಲಿ ಉಳಿದಿದೆ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ನಿದ್ದೆಗಣ್ಣಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದ ತಲೆಮಾರು ಮುಂಬಯಿಯಲ್ಲಿ ಇತ್ತು. ಗುರುವಿನ ಋಣದ ಮಾತು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಜಯದಶಮಿಯ ಸಂಜೆ ನಾವು ಹಂಚುವ ಎಲೆಯಲ್ಲಿಯೂ ಒಂದು ಗುರುದಕ್ಷಿಣೆಯ ಕಥೆ ಅಡಗಿದೆ. ಪಾಂಡವರು ಅಜ್ಞಾತವಾಸಕ್ಕೆ ಮೊದಲು ಶಮೀವೃಕ್ಷದಲ್ಲಿ ಆಯುಧ ಬಚ್ಚಿಟ್ಟದ್ದು ಎಲ್ಲರೂ ಬಲ್ಲ ಕಥೆ. ಬನ್ನಿಗೆ ‘ಬಂಗಾರ’ ಎಂಬ ಹೆಸರು ಬಂದ ಕಥೆ ಬೇರೆ. ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನೆಂಬ ಶಿಷ್ಯ ಗುರು ವರತಂತುವಿಗೆ ಹದಿನಾಲ್ಕು ಕೋಟಿ ಹೊನ್ನು ಸಲ್ಲಿಸಬೇಕಾಗಿ, ಎಲ್ಲವನ್ನೂ ದಾನ ಮಾಡಿ ಬರಿಗೈಯಾಗಿದ್ದ ರಘುವಿನ ಬಳಿ ಬರುತ್ತಾನೆ. ರಘು ಕುಬೇರನ ಮೇಲೆ ದಂಡೆತ್ತಲು ಸಿದ್ಧನಾಗಲು, ಬೆಳಗಾಗುವುದರೊಳಗೆ ಬೊಕ್ಕಸದಲ್ಲಿ ಹೊನ್ನಿನ ಮಳೆ ಸುರಿದಿರುತ್ತದೆ. ಅಷ್ಟನ್ನೂ ತೆಗೆದುಕೊಳ್ಳೆಂದು ಅರಸ. ಗುರುವಿಗೆ ಸಲ್ಲಬೇಕಾದದ್ದಕ್ಕಿಂತ ಒಂದು ಹೊನ್ನೂ ಹೆಚ್ಚಿಗೆ ಬೇಡವೆಂದು ಶಿಷ್ಯ. ಜನರ ಬಾಯಿಯ ಕಥೆಯಲ್ಲಿ ಆ ಹೊನ್ನು ಸುರಿದದ್ದು ಬನ್ನಿಯ ಮರದ ಮೇಲೆ, ದಶಮಿಯ ದಿನ. ಮಹಾರಾಷ್ಟ್ರದವರಿಗೆ ಆಪ್ಟೆಯ ಮರದ ಮೇಲೆ. ಧಾರವಾಡದ ಕಡೆಯವರು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆರಗುತ್ತಾರೆ. ನೆರೆಮನೆಯ ಮರಾಠಿ ಕಾಕಾ ‘ಸೋನೆ ಘ್ಯಾ’ ಎಂದು ಆಪ್ಟೆಯ ಎಲೆ ಕೊಡುತ್ತಾರೆ. ದಾದರಿನ ಬಜಾರಿನಲ್ಲಿ ಕೊಂಡ ಎಲೆ ಬನ್ನಿಯದಲ್ಲವೆಂದು ಗೊಣಗುವ ನಮ್ಮವರಿದ್ದಾರೆ. ಕಥೆ ಒಂದೇ ಆದ ಮೇಲೆ ಎಲೆಯ ವ್ಯಾಜ್ಯವೇಕೆ?

ಎಲ್ಲ ಋಣಗಳಿಗಿಂತ ಹಳೆಯದನ್ನು ಕೊನೆಗೆ ಹೇಳುತ್ತಿದ್ದೇನೆ. ಅದು ನೆಲದ ಋಣ. ಕರಾವಳಿಯಲ್ಲಿ ಹೊಸ ತೆನೆಯನ್ನು ಮನೆ ತುಂಬಿಸಿ ‘ಹೊಸ್ತು’ ಉಣ್ಣುತ್ತಾರೆ. ಮಂಗಳೂರಿನ ಕ್ರೈಸ್ತ ಬಾಂಧವರು ಒಂಬತ್ತು ದಿನ ಮೇರಿಮಾತೆಗೆ ಹೂವು ಅರ್ಪಿಸಿ, ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಒಟ್ಟಿಗೆ ಉಣ್ಣುತ್ತಾರೆ. ಮಾತೆ, ಒಂಬತ್ತು ದಿನ, ಸೆಪ್ಟೆಂಬರ್! ವಿಜಯನಗರದಲ್ಲಿ ನೂನಿಜನಿಗೆ ತನ್ನ ಮೇರಿಮಾತೆ ಏಕೆ ನೆನಪಾದಳೆಂಬುದು ಇಲ್ಲಿ ಸ್ವಲ್ಪ ಹೊಳೆಯುತ್ತದೆ. ಕೊಡಗಿನವರು ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥಕ್ಕಾಗಿ ಕಾಯುತ್ತಾರೆ. ದೀಪಾವಳಿಯ ಪಾಡ್ಯದಂದು ದನಗಳಿಗೆ ಸ್ನಾನ, ಹಾರ, ಆರತಿ.

ಆಶ್ವಯುಜದ ಹುಣ್ಣಿಮೆ ಮಾತ್ರ ನೇರವಾಗಿ ಹೊಲದ್ದೇ. ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ತೆನೆ ಹೊತ್ತ ಭೂಮಿ ಆ ದಿನ ತುಂಬು ಬಸುರಿ. ಬಸುರಿಗೆ ಬಯಕೆಯ ಊಟ ಹಾಕಬೇಕು. ಬಯಲುಸೀಮೆಯವರು ಬಂಡಿ ಕಟ್ಟಿಕೊಂಡು ರೊಟ್ಟಿ, ಕಡುಬು, ಹೋಳಿಗೆ, ಪಲ್ಯಗಳೊಡನೆ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಅಲ್ಲಿಯೇ ಸಾಲಾಗಿ ಕುಳಿತು ಉಣ್ಣುತ್ತಾರೆ. ಶಿವಮೊಗ್ಗ-ಸಾಗರದ ಕಡೆಯಲ್ಲಿ ದೀವರ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿಯ ಬಣ್ಣದಿಂದ ಚಿತ್ತಾರ ಬರೆದು ‘ಭೂಮಣ್ಣಿ ಬುಟ್ಟಿ’ ಸಿದ್ಧಮಾಡುತ್ತಾರೆ. ಕಾಡಿನ ಸೊಪ್ಪು, ಹಿತ್ತಲ ತರಕಾರಿಗಳನ್ನು ಕಲಸಿ ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರುತ್ತಾರೆ. ಕಾಗೆಗೊಂದು ಎಡೆ, ಇಲಿಗೂ ಒಂದು ಎಡೆ. ಬೆಳೆ ತಿನ್ನುವ ಇಲಿಗೆ ಊಟವೇ ಎಂದು ಪೇಟೆಯವನು ನಗಬಹುದು. ಅದೂ ಆ ಗದ್ದೆಯಲ್ಲೇ ಬದುಕಬೇಕಾದ ಪ್ರಾಣಿಯೆಂದು ಊಟ ಹಾಕುವವರಿಗೆ ಗೊತ್ತು. ಈ ಹಬ್ಬಕ್ಕೆ ಪುರೋಹಿತರಿಲ್ಲ, ಗುಡಿಯಿಲ್ಲ, ಅರಸನಿಲ್ಲ, ಬರೆದಿಟ್ಟ ಪರದೇಶದ ಪ್ರವಾಸಿಯೂ ಇಲ್ಲ.

ಮುಂಬಯಿ-ಪುಣೆಗಳಲ್ಲಿ ಅದೇ ಹುಣ್ಣಿಮೆಗೆ ಕೋಜಾಗಿರಿ ಎಂದು ಹೆಸರು. ಬಿಲ್ಡಿಂಗಿನ ಗಚ್ಚಿಯ ಮೇಲೆ ಎಲ್ಲ ಮನೆಯವರೂ ಸೇರಿ, ಕೇಸರಿ ಬಾದಾಮಿ ಹಾಕಿ ಕಾಯಿಸಿದ ಹಾಲಿಗೆ ಚಂದ್ರನ ನೆರಳು ಬೀಳಿಸಿ ಕುಡಿಯುತ್ತಾರೆ; ನಮ್ಮವರೂ ಆ ಗುಂಪಿನಲ್ಲಿರುತ್ತಾರೆ. ಹಾಲು ಮುಗಿದು ಮಕ್ಕಳು ನಿದ್ದೆಗೆ ಜಾರುವ ಹೊತ್ತಿಗೆ ಸಾಗರದ ಕಡೆಯ ಅಡುಗೆಮನೆಗಳಲ್ಲಿ ಒಲೆ ಇನ್ನೂ ಉರಿಯುತ್ತಿರುತ್ತದೆ. ಅಲ್ಲಿನ ಹೆಂಗಸರು ರಾತ್ರಿಯಿಡೀ ಮಲಗುವುದಿಲ್ಲ. ಬೆಳಕು ಹರಿಯುವ ಮೊದಲು ಬುಟ್ಟಿ ಗದ್ದೆಯ ದಾರಿ ಹಿಡಿಯಬೇಕು.